ಲಸಿಕೆ, ಜ್ವರ ಮತ್ತು ಏರುಪೇರಾದ ಮುಟ್ಟು

ಪ್ರಶ್ನೆ: ನನಗೆ 38 ವರ್ಷ. 2021ರಲ್ಲಿ ಕೋವಿಶೀಲ್ಡ್ ಎರಡನೇ ಡೋಸ್ ಪಡೆದ ತಿಂಗಳು ಮುಟ್ಟು 9 ದಿನ ತಡವಾಯಿತು. ವೈದ್ಯರಿಗೆ ಹೇಳಿದರೆ 'ಎಲ್ಲ ಟೆನ್ಷನ್' ಎಂದು ಕಳಿಸಿಬಿಟ್ಟರು. ಈ ಮಳೆಗಾಲದಲ್ಲಿ ಡೆಂಗಿ ಬಂದಾಗ ಸ್ರಾವ ವಿಪರೀತವಾಗಿತ್ತು. ಈಗ 12 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಲು ಭಯವಾಗುತ್ತಿದೆ.
— ಓದುಗರು, ದಾವಣಗೆರೆ

ಉತ್ತರ: ನೀವು ಗಮನಿಸಿದ್ದು ಭ್ರಮೆಯಲ್ಲ, ಅದನ್ನು ಟೆನ್ಷನ್ ಎಂದು ತಳ್ಳಿಹಾಕಿದ್ದು ತಪ್ಪು. ಕೋವಿಡ್ ಲಸಿಕೆಗಳನ್ನು ಪರೀಕ್ಷಿಸುವಾಗ ಭಾಗವಹಿಸಿದ ಹೆಂಗಸರ ಋತುಚಕ್ರದ ಮಾಹಿತಿಯನ್ನು ಸಂಗ್ರಹಿಸಿರಲೇ ಇಲ್ಲ, ಆದ್ದರಿಂದ ಲಸಿಕೆ ಪಡೆದ ಹೆಂಗಸರು ಮುಟ್ಟಿನ ಏರುಪೇರಿನ ಬಗ್ಗೆ ಕೇಳತೊಡಗಿದಾಗ ವೈದ್ಯರ ಕೈಯಲ್ಲಿ ಉತ್ತರವಿರಲಿಲ್ಲ. 2022ರಲ್ಲಿ ಸುಮಾರು 20,000 ಮಹಿಳೆಯರ ಋತುಚಕ್ರದ ದಾಖಲೆಗಳನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಕೋವಿಶೀಲ್ಡ್‌ನ ಮೂಲವಾದ ಆಸ್ಟ್ರಾಜೆನೆಕಾ ಲಸಿಕೆ ಪಡೆದವರೂ ಅದರಲ್ಲಿದ್ದರು. ಲಸಿಕೆ ಪಡೆದ ತಿಂಗಳು ಮುಟ್ಟು ಸರಾಸರಿ ಒಂದು ದಿನಕ್ಕಿಂತ ಕಡಿಮೆ ತಡವಾಗಿ, ಮುಂದಿನ ಚಕ್ರದಲ್ಲಿ ಬಹುತೇಕ ಮೊದಲಿನಂತಾಗಿತ್ತು. ಎಂಟು ದಿನ ಅಥವಾ ಅದಕ್ಕೂ ಹೆಚ್ಚು ವ್ಯತ್ಯಾಸ ಕಂಡವರು ಲಸಿಕೆ ಪಡೆದ 100 ಮಂದಿಯಲ್ಲಿ ಸುಮಾರು 6, ಪಡೆಯದವರಲ್ಲಿ 5. ಹಾಗಾಗಿ ನಿಮ್ಮ 9 ದಿನಗಳಿಗೆ ಲಸಿಕೆಯೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಮುಟ್ಟಿನ ಗಡಿಯಾರ ಇರುವುದು ಗರ್ಭಕೋಶದಲ್ಲಲ್ಲ, ಮೆದುಳಿನ ಹೈಪೋಥಲಮಸ್‌ನಲ್ಲಿ. ಅಲ್ಲಿಂದ ಹೊರಡುವ ಸಂಕೇತಗಳು ಪಿಟ್ಯುಟರಿ ಗ್ರಂಥಿಯ ಮೂಲಕ ಅಂಡಾಶಯವನ್ನು ತಲುಪುತ್ತವೆ. ಜ್ವರದಿಂದಲೋ ಲಸಿಕೆಯಿಂದಲೋ ರೋಗನಿರೋಧಕ ವ್ಯವಸ್ಥೆ ಚುರುಕಾದಾಗ ಈ ಸಂಕೇತಗಳು ಕೊಂಚ ತಡವರಿಸಿ, ಅಂಡೋತ್ಪತ್ತಿ ಮುಂದಕ್ಕೆ ಹೋಗಬಹುದು. ಅಂಡೋತ್ಪತ್ತಿ ತಡವಾದಷ್ಟು ದಿನ ಮುಟ್ಟೂ ತಡವಾಗುತ್ತದೆ. ಇದರಿಂದ ಬಂಜೆತನ ಬರುವುದಿಲ್ಲ.

ಡೆಂಗಿಯ ವಿಷಯ ಬೇರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ರಕ್ತನಾಳಗಳ ಗೋಡೆಯೂ ಸಡಿಲಗೊಳ್ಳುತ್ತದೆ. ಆ ಹೊತ್ತಿಗೆ ಮುಟ್ಟು ಬಂದರೆ ಸ್ರಾವ ಕೈಮೀರಬಹುದು. ನಮ್ಮಲ್ಲಿ ಹೊಟ್ಟೆನೋವಿಗೆಂದು ಮನೆಯಲ್ಲೇ ಇಟ್ಟುಕೊಳ್ಳುವ ಮೆಫೆನಾಮಿಕ್ ಆಸಿಡ್ ಮಾತ್ರೆಯನ್ನಾಗಲಿ, ಐಬುಪ್ರೊಫೆನ್ ಅಥವಾ ಆಸ್ಪಿರಿನ್ ಅನ್ನಾಗಲಿ ಡೆಂಗಿಯ ಶಂಕೆಯಿದ್ದಾಗ ನುಂಗಲೇಬಾರದು; ಜ್ವರಕ್ಕೂ ನೋವಿಗೂ ಮಿತಿಯಲ್ಲಿ ಪ್ಯಾರಸಿಟಮಾಲ್ ಸಾಕು. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ನೀವಂತೂ ಈಗಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅಷ್ಟು ರಕ್ತ ಹೋದ ಮೇಲೆ ಸುಸ್ತನ್ನು ಡೆಂಗಿಯ ಲೆಕ್ಕಕ್ಕೇ ಬರೆದು ಸುಮ್ಮನಾಗುವವರನ್ನು ನಾನು ಬಹಳ ನೋಡಿದ್ದೇನೆ. ಮೂರು ತಿಂಗಳಾದರೂ ಸ್ರಾವ ಹತೋಟಿಗೆ ಬರದಿದ್ದರೆ ಲಸಿಕೆ, ಜ್ವರಗಳನ್ನು ದೂರುವುದು ಬಿಟ್ಟು ಥೈರಾಯ್ಡ್ ತೊಂದರೆ ಮತ್ತು ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇವೆಯೇ ಎಂದು ಪರೀಕ್ಷಿಸಬೇಕು.

ಮಗಳಿಗೆ ಎಚ್‌ಪಿವಿ ಲಸಿಕೆಯನ್ನು ಧೈರ್ಯವಾಗಿ ಹಾಕಿಸಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಈ ಲಸಿಕೆಗೆ 9ರಿಂದ 14 ವರ್ಷವೇ ತಕ್ಕ ವಯಸ್ಸು. ಮೈನೆರೆದ ಮೊದಲ ಒಂದೆರಡು ವರ್ಷ ಮುಟ್ಟು ಹೇಗೂ ಏರುಪೇರಾಗುತ್ತಿರುತ್ತದೆ. ಅದಕ್ಕೆ ಇಂದಿನಿಂದಲೇ ಅವಳ ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಲಸಿಕೆಯ ನಂತರ ಏನಾದರೂ ಬದಲಾದರೆ ವೈದ್ಯರ ಮುಂದಿಡಲು ಅದೇ ಆಧಾರ.