ಟರ್ಕಿ ಕೋಳಿ ಬೇಟೆಯ ಶಾಟ್‌ಗನ್‌ಗೆ ಪಿಸ್ತೂಲ್ ಹಿಡಿಯ ಸ್ಟಾಕ್ ಒಳ್ಳೆಯದೋ, ಮಾಮೂಲಿ ಸ್ಟಾಕೋ?

ಅಮೆರಿಕದಲ್ಲಿ ಟರ್ಕಿ ಬೇಟೆಯೆಂದರೆ ಹೆಚ್ಚಾಗಿ ಮರಕ್ಕೆ ಒರಗಿ ಕೂತು, ಬಂದೂಕನ್ನು ಮೊಣಕಾಲ ಮೇಲಿಟ್ಟು ಅಲುಗಾಡದೆ ಕಾಯುವ ಕೆಲಸ. ಆ ಭಂಗಿಗೆ ಪಿಸ್ತೂಲ್ ಹಿಡಿಯ ಸ್ಟಾಕೇ (ಭುಜಕ್ಕೆ ಊರುವ ಹಿಂಭಾಗದಲ್ಲಿ ಪಿಸ್ತೂಲಿನಂತೆ ಕೆಳಕ್ಕಿಳಿದ ಹಿಡಿ ಇರುವಂಥದ್ದು) ಹಿತ: ಮಣಿಕಟ್ಟು ಹೆಚ್ಚು ತಿರುಚಿಕೊಳ್ಳುವುದಿಲ್ಲ, 12 ಗೇಜಿನ (ಗೇಜ್ ಎಂದರೆ ನಳಿಕೆಯ ಅಳತೆ) 3.5 ಇಂಚು ಉದ್ದದ ತೋಟಾ ಜೋರಾಗಿ ಒದ್ದಾಗಲೂ ಹಿಡಿತ ಗಟ್ಟಿಯಾಗಿರುತ್ತದೆ.

ಆದರೆ ಕೊಳ್ಳುವ ಮೊದಲು ಸೇಫ್ಟಿ (ಅಕಸ್ಮಾತ್ ಗುಂಡು ಹಾರದಂತೆ ತಡೆಯುವ ಗುಂಡಿ) ಎಲ್ಲಿದೆ ನೋಡಿ, ಇದು ಬಹಳ ಮುಖ್ಯ. ಮಾಸ್‌ಬರ್ಗ್ 500 ಶಾಟ್‌ಗನ್‌ನಲ್ಲಿ ಅದು ರಿಸೀವರ್‌ನ (ಬಂದೂಕಿನ ಯಂತ್ರವಿರುವ ನಡುಭಾಗದ) ಹಿಂತುದಿಯಲ್ಲಿ, ಮೇಲ್ಗಡೆ ಇರುತ್ತದೆ. ಪಿಸ್ತೂಲ್ ಹಿಡಿ ಹಾಕಿದರೆ ಹೆಬ್ಬೆರಳು ಅಲ್ಲಿಗೆ ಎಟುಕಲು ಕೈ ಸಡಿಲಿಸಬೇಕು. ಅಂಥ ಬಂದೂಕಿಗೆ ಮಾಮೂಲಿ ಸ್ಟಾಕೇ ಇರಲಿ. ರೆಮಿಂಗ್ಟನ್ 870ರಲ್ಲಿ ಸೇಫ್ಟಿ ಟ್ರಿಗರ್ ಹಿಂದೆಯೇ ಇದೆ, ಅಷ್ಟು ತೊಂದರೆಯಿಲ್ಲ.

ರೆಡ್ ಡಾಟ್ (ಗುರಿಯಿಡಲು ಕೆಂಪು ಚುಕ್ಕಿ ತೋರಿಸುವ ಸಾಧನ) ಕೂರಿಸುವುದಾದರೆ ಕೆನ್ನೆ ಊರುವ ಭಾಗವನ್ನು ಎತ್ತರಿಸಬಹುದಾದ ಸ್ಟಾಕ್ ಕೊಳ್ಳಿ. ಕೆನ್ನೆಗೆ ಆಸರೆ ಸಿಗದಿದ್ದರೆ ಚುಕ್ಕಿ ತಟ್ಟನೆ ಕಣ್ಣಿಗೆ ಬೀಳುವುದಿಲ್ಲ.