ಗೆಳೆಯರೊಡನೆ 10 ಕಿಲೋಮೀಟರ್ ಓಟ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಗೆಳೆಯರ ಒತ್ತಾಯಕ್ಕೆ 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿರುವ ನೀವು, ಭಾನುವಾರದ ಅಭ್ಯಾಸದಲ್ಲಿ ನಾಲ್ಕನೆಯ ಕಿಲೋಮೀಟರಿಗೇ ಏದುಸಿರು ಬರುತ್ತಿರುವುದರಿಂದ ಇನ್ನು ಒಬ್ಬರೇ ಓಡುವುದು ಮೇಲೇ ಎಂದು ಕೇಳಿದ್ದೀರಿ. ಗುಂಪನ್ನು ಬಿಡುವ ಅಗತ್ಯ ಖಂಡಿತ ಇಲ್ಲ.

ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಆರು ಗಂಟೆಗೆ ಗಮನಿಸಿ: ಕಚೇರಿ, ಸಿನಿಮಾ, ರಾಜಕೀಯ ಎಂದು ಹರಟುತ್ತ ಹೊರಟ ಗುಂಪು, ಯಾರೋ ಒಬ್ಬರು ಕೈಗಡಿಯಾರ ನೋಡಿಕೊಂಡು ಅರ್ಧ ಹೆಜ್ಜೆ ಮುಂದೆ ಸರಿದ ಕೂಡಲೇ ಮೌನವಾಗುತ್ತದೆ, ಮತ್ತು ಯಾರೂ ಒಪ್ಪಿಕೊಳ್ಳದ ಪೈಪೋಟಿಯೊಂದು ಅಲ್ಲಿಂದ ಶುರುವಾಗುತ್ತದೆ. ನಿಮ್ಮ ಏದುಸಿರಿನ ಮೂಲವೂ ಬಹುಶಃ ಅಲ್ಲಿಯೇ ಇದೆ. ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವ ವೇಗವೇ ದೂರದ ಓಟದ ಅಭ್ಯಾಸಕ್ಕೆ ತಕ್ಕ ವೇಗವಾದ್ದರಿಂದ, ಗುಂಪಿನ ಹರಟೆಮಲ್ಲರ ಪಕ್ಕದಲ್ಲಿ ಓಡಿ. ಉತ್ತರ ಕೊಡಲಾಗದಿದ್ದರೆ ಸಂಕೋಚಪಡದೆ ಒಂದು ನಿಮಿಷ ನಡೆಯಿರಿ.

ಓಟದ ದಿನ ಹೊಸ ಬೂಟು ಬೇಡ. ಹೆದರಿಕೆಯಿಂದ ಬಾಯಾರಿಕೆಗಿಂತ ಹೆಚ್ಚು ನೀರು ಕುಡಿಯುವುದೂ ಬೇಡ, ಏಕೆಂದರೆ ಅತಿಯಾದ ನೀರು ರಕ್ತದಲ್ಲಿನ ಸೋಡಿಯಂ ಪ್ರಮಾಣವನ್ನು ಅಪಾಯಕರವಾಗಿ ತಗ್ಗಿಸಬಲ್ಲದು. ಓಟದ ನಂತರದ ಮಸಾಲೆ ದೋಸೆಗೆ ನನ್ನ ಆಕ್ಷೇಪವಿಲ್ಲ (ಹಲವರು ಓಡುವುದೇ ಅದಕ್ಕಾಗಿ). ಮೊಣಕಾಲಿನ ನೋವು ಕೆಲವು ದಿನ ಕಳೆದರೂ ಇಳಿಯದಿದ್ದರೆ, ಆ ವಾರ ಗೆಳೆಯರನ್ನು ನೇರವಾಗಿ ಹೋಟೆಲಿನಲ್ಲಿಯೇ ಭೇಟಿಯಾಗಿ.