ಪಾಲಿಟನಲ್ ಕೊಳ್ಳುವ ಮುಂಚೆ, ಕಟ್ಟಿದ ಮೇಲೆ: ಕೈತೋಟದ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಮನೆಯ ಹಿಂದೆ 20 ಅಡಿ ಉದ್ದ, 10 ಅಡಿ ಅಗಲದ ಜಾಗ ಇದೆ. ಅಲ್ಲಿ ಪಾಲಿಟನಲ್, ಅಂದರೆ ಕಮಾನುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಸುರಂಗದಂಥ ಗಿಡದ ಮನೆ, ಹಾಕಿ ವರ್ಷವಿಡೀ ತರಕಾರಿ ಬೆಳೆಯಬೇಕು ಅಂತ ಆಸೆ. ಎಂಥದ್ದನ್ನು ಆರಿಸಿಕೊಳ್ಳಲಿ?

ಉತ್ತರ: ಎಂಥದ್ದು ಅಂತ ಕೇಳುವ ಮುಂಚೆ ಯಾಕೆ ಬೇಕು ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ನಿಮ್ಮ ಗಿಡಗಳಿಗೆ ನಿಜವಾಗಿ ಕಾಟ ಕೊಡುತ್ತಿರುವುದು ಯಾವುದು? ಚಳಿಯಾದರೆ ಪ್ಲಾಸ್ಟಿಕ್ ಹಾಳೆಯ ಟನಲ್ ಸರಿ. ಬಿಸಿಲಾದರೆ ನೆರಳು ಪರದೆ ಸಾಕು, ಪ್ಲಾಸ್ಟಿಕ್ ಹಾಕಿದರೆ ಸೆಕೆ ಇನ್ನೂ ಹೆಚ್ಚುತ್ತದೆ. ಹುಳುವಿನ ಕಾಟವಾದರೆ ಕೀಟದ ಬಲೆ. ಮಳೆಯಾದರೆ ಮೇಲೆ ಮಾತ್ರ ಹಾಳೆ ಹೊದಿಸಿ ನಾಲ್ಕೂ ಬದಿ ಬಿಟ್ಟುಬಿಡಬಹುದು. ಟೊಮೆಟೊ ಎಲೆ ಸದಾ ಒದ್ದೆಯಾಗಿದ್ದರೆ ಅಂಗಮಾರಿ ಬರುತ್ತದೆ, ಎಲೆ ಒಣಗಿದ್ದರೆ ಅರ್ಧ ಕಾಯಿಲೆ ಬರುವುದೇ ಇಲ್ಲ. ಬೆಚ್ಚಗಿನ ಊರುಗಳಲ್ಲಿ ಟನಲ್‌ನಿಂದ ಸಿಗುವ ದೊಡ್ಡ ಲಾಭ ಇದೇ, ಶಾಖ ಅಲ್ಲ. ಇದನ್ನು ತಿಳಿಯದೆ ಚಳಿ ದೇಶದ ಚಿತ್ರ ನೋಡಿ ಸುತ್ತ ಮುಚ್ಚಿದ ಟನಲ್ ಕಟ್ಟಿಸಿದವರ ಪತ್ರಗಳು ಬರುತ್ತಲೇ ಇರುತ್ತವೆ, ಓದಿದಾಗ ಬೇಜಾರಾಗುತ್ತದೆ.

ಇಷ್ಟು ತೀರ್ಮಾನವಾದ ಮೇಲೆ ಮೊದಲು ನೋಡಬೇಕಾದ್ದು ಗಾಳಿ. ಎರಡೂ ತುದಿಯಲ್ಲಿ ಬಾಗಿಲು ಇರಲಿ. ಉದ್ದನೆಯ ಬದಿಗಳ ಹಾಳೆಯನ್ನು ನೆಲದಿಂದ ಮೂರು ಅಡಿಯಾದರೂ ಮೇಲಕ್ಕೆ ಸುತ್ತುವ ಹಾಗೆ ಮಾಡಿಸಿ. ಬದಿ ತೆರೆಯದ ಟನಲ್ ಎಷ್ಟೇ ಕಡಿಮೆಗೆ ಸಿಕ್ಕರೂ ಬಿಸಿಲಿನ ಊರಿನವರು ಅದನ್ನು ಕೊಳ್ಳಲೇಬೇಡಿ ಅನ್ನುತ್ತೇನೆ. ಆಮೇಲೆ ಎತ್ತರ. ಬಿಸಿಗಾಳಿ ಮೇಲೇರುತ್ತದೆ, ಚಾವಣಿ ಎತ್ತರ ಇದ್ದಷ್ಟೂ ಗಿಡದ ತಲೆಗೆ ಅದು ತಾಗುವುದು ಕಡಿಮೆ. ನಡುವೆ 8 ಅಡಿ ಇದ್ದರೆ ಬಳ್ಳಿಯನ್ನು ದಾರ ಕಟ್ಟಿ ಮೇಲಕ್ಕೆ ಹಬ್ಬಿಸಬಹುದು, ನೀವು ಬಗ್ಗದೆ ಓಡಾಡಬಹುದು. ಅಗಲ 10 ಅಡಿ ಅಂದಿರಿ. ಬದಿಗಳಲ್ಲಿ ಮೂರು ಅಡಿಯ ಎರಡು ಮಡಿ, ನಡುವೆ ಎರಡು ಅಡಿಯ ದಾರಿ, ಎರಡೂ ಬದಿಯ ಹಾಳೆಯ ಪಕ್ಕ ಒಂದೊಂದು ಅಡಿ ಜಾಗ, ಇಷ್ಟು ಹಿಡಿಯುತ್ತದೆ. ಮೂರು ಮಡಿ ತುರುಕಲು ಹೋಗಬೇಡಿ. ಮಡಿಯ ಮಧ್ಯಕ್ಕೆ ಕೈ ಎಟುಕದಿದ್ದರೆ ಕಾಲಿಟ್ಟೇ ಕೆಲಸ ಮಾಡುತ್ತೀರಿ, ಮಣ್ಣು ಗಟ್ಟಿಯಾಗುತ್ತದೆ.

ಪ್ರಶ್ನೆ: ಹಾಳೆ ಮಾರುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ಲಾಸ್ಟಿಕ್ ಎಲ್ಲಾ ಒಂದೇ ಅಲ್ವಾ? ಕಮಾನಿಗೆ ಪಿವಿಸಿ ಪೈಪ್ ಸಾಕಾ?

ಉತ್ತರ: ಖಂಡಿತ ಒಂದೇ ಅಲ್ಲ. ಕೇಳಬೇಕಾದ ಮೊದಲ ಮಾತು ಯುವಿ ನಿರೋಧಕ ಹಾಳೆಯಾ ಅಂತ. ಬಿಸಿಲಿನಲ್ಲಿರುವ ನೇರಳಾತೀತ (ಯುವಿ) ಕಿರಣಗಳು ಪಾಲಿಥಿನ್ ಅನ್ನು ಒಳಗಿಂದಲೇ ಮುರಿಯುತ್ತವೆ. ಅದನ್ನು ತಡೆಯುವ ಅಂಶ ಬೆರೆಸದ ಮಾಮೂಲಿ ಹಾಳೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ, ಆ ಚೂರುಗಳೆಲ್ಲ ನಿಮ್ಮ ಮಣ್ಣಿಗೇ ಸೇರುತ್ತವೆ. ಎರಡನೆಯದು ದಪ್ಪ. ಟನಲ್‌ಗೆ ಸಾಮಾನ್ಯವಾಗಿ 200 ಮೈಕ್ರಾನ್ ಬಳಸುತ್ತಾರೆ. ಕೆಲವರು ಇದನ್ನೇ 800 ಗೇಜ್ ಅನ್ನುತ್ತಾರೆ, ಎರಡೂ ಒಂದೇ. ಚೆನ್ನಾಗಿ ಬಿಗಿದು ಕಟ್ಟಿದರೆ ಮೂರರಿಂದ ಐದು ವರ್ಷ ಬಾಳುತ್ತದೆ.

ಇನ್ನೂ ಎರಡು ಗುಣ ಇವೆ. ಒಂದು, ಬೆಳಕನ್ನು ಚದುರಿಸುವ ಹಾಳೆ. ನೋಡಲು ಸ್ವಲ್ಪ ಮಬ್ಬು, ಆದರೆ ಒಳಗೆ ಗಾಢ ನೆರಳು ಬೀಳುವುದಿಲ್ಲ, ಕೆಳಗಿನ ಎಲೆಗೂ ಬೆಳಕು ಸಿಗುತ್ತದೆ, ಕಾಯಿ ಸುಡುವುದು ಕಡಿಮೆ. ಬಿಸಿಲು ಜಾಸ್ತಿ ಇರುವ ಕಡೆ ಗಾಜಿನಂಥ ತಿಳಿ ಹಾಳೆಗಿಂತ ಇದು ಎಷ್ಟೋ ಮೇಲು. ಇನ್ನೊಂದು, ಹನಿ ನಿಲ್ಲದ ಹಾಳೆ. ಮಾಮೂಲಿ ಹಾಳೆಯಲ್ಲಿ ರಾತ್ರಿಯ ತೇವ ಹನಿಹನಿಯಾಗಿ ಕೂತು ಬೆಳಗ್ಗೆ ಗಿಡದ ಮೇಲೆ ತೊಟ್ಟಿಕ್ಕುತ್ತದೆ. ಈ ಹಾಳೆಯಲ್ಲಿ ನೀರು ತೆಳುವಾಗಿ ಹರಡಿ ಬದಿಗೆ ಇಳಿದುಹೋಗುತ್ತದೆ. ಇದಕ್ಕೆ ಒಳಮಗ್ಗುಲು, ಹೊರಮಗ್ಗುಲು ಅಂತ ಇರುತ್ತದೆ, ಹೊದಿಸುವಾಗ ನೋಡಿಕೊಳ್ಳಿ.

ಪಿವಿಸಿ ಬೇಡ. ಬಿಸಿಲಿಗೆ ಬಾಗುತ್ತದೆ, ಜೊತೆಗೆ ಅದು ತಾಗುವ ಕಡೆ ಪಾಲಿಥಿನ್ ಬೇಗ ಹಾಳಾಗುತ್ತದೆ. ಜಿಐ ಪೈಪ್, ಅಂದರೆ ಸತುವು ಲೇಪಿಸಿದ ಕಬ್ಬಿಣದ ಪೈಪ್ ಹಾಕಿಸಿ. ಕಬ್ಬಿಣ ಕಾದು ಹಾಳೆಯನ್ನು ಸುಡದಂತೆ ಕಮಾನಿನ ಮೇಲ್ಮೈಗೆ ಫೋಮ್ ಟೇಪ್ ಅಂಟಿಸಿ. ಚಿಕ್ಕ ಖರ್ಚು, ಹಾಳೆ ಮೊದಲು ಹರಿಯುವುದು ಅಲ್ಲಿಯೇ.

ಪ್ರಶ್ನೆ: ಗಾಜಿನ ಮನೆ ಕಟ್ಟುವಷ್ಟು ಶಕ್ತಿ ಇಲ್ಲ. ಪ್ಲಾಸ್ಟಿಕ್ಕಿನಲ್ಲಿ ಬೆಳೆ ಅಷ್ಟೇ ಚೆನ್ನಾಗಿ ಬರುತ್ತದಾ?

ಉತ್ತರ: ಬರುತ್ತದೆ. ಗಾಜು ದುಬಾರಿ ಅನ್ನುವ ಕಾರಣಕ್ಕೇ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮೆರಿ ಎಮರ್ಟ್ 1948ರಲ್ಲಿ ಮರದ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನೋಡಿದರು, ಈ ದಾರಿ ಶುರುವಾಗಿದ್ದು ಹಾಗೆ. ಈಗ ಜಗತ್ತಿನಲ್ಲಿ ಮುಚ್ಚಿಗೆಯ ಕೆಳಗೆ ಬೆಳೆಯುವ ತರಕಾರಿಯ ಬಹುಪಾಲು ಪ್ಲಾಸ್ಟಿಕ್ಕಿನ ಕೆಳಗೇ ಬೆಳೆಯುತ್ತದೆ. ಕೀಳು ಅಂದುಕೊಳ್ಳಬೇಡಿ.

ಪ್ರಶ್ನೆ: ಯಾವ ದಿಕ್ಕಿಗೆ ಕಟ್ಟಬೇಕು? ನಮ್ಮಲ್ಲಿ ಗಾಳಿ ಜೋರು.

ಉತ್ತರ: ಸೂರ್ಯ ನೆತ್ತಿಯ ಮೇಲೆ ಹಾದುಹೋಗುವ ಪ್ರದೇಶಗಳಲ್ಲಿ ಉತ್ತರ ದಕ್ಷಿಣವಾಗಿ ಉದ್ದ ಇಟ್ಟರೆ ಬೆಳಗ್ಗೆ ಒಂದು ಮಗ್ಗುಲಿಗೆ, ಸಂಜೆ ಇನ್ನೊಂದಕ್ಕೆ ಬಿಸಿಲು ಬಿದ್ದು ಎರಡೂ ಮಡಿಗೆ ಬೆಳಕು ಸಮನಾಗುತ್ತದೆ. ಸಮಭಾಜಕದಿಂದ ಬಹಳ ದೂರದ ಚಳಿ ಪ್ರದೇಶವಾದರೆ ಚಳಿಗಾಲದ ಇಳಿಬಿಸಿಲು ಹಿಡಿಯಲು ಪೂರ್ವ ಪಶ್ಚಿಮ ಒಳ್ಳೆಯದು. ಆದರೆ ಗಾಳಿ ಜೋರಾಗಿದ್ದರೆ ಮೊದಲು ಗಾಳಿಯ ಮಾತು ಕೇಳಿ, ಬಿಸಿಲಿನದು ಆಮೇಲೆ. ಗಾಳಿ ಹೆಚ್ಚಾಗಿ ಬೀಸುವ ದಿಕ್ಕಿಗೆ ಟನಲ್‌ನ ಕಿರಿದಾದ ತುದಿ ಇರಬೇಕು.

ಹಾಳೆ ಹಾರಿಹೋಗುವುದು ಸಾಮಾನ್ಯವಾಗಿ ಸಡಿಲ ಇದ್ದಾಗ. ಪಟಪಟ ಬಡಿದುಕೊಳ್ಳಲು ಶುರುವಾಯಿತು ಅಂದರೆ ಎಲ್ಲೋ ಒಂದು ಕಡೆ ಹರಿಯುತ್ತದೆ, ಹರಿದ ಕಡೆ ಗಾಳಿ ನುಗ್ಗಿ ಇಡೀ ಟನಲ್ ಅನ್ನು ಮೇಲಕ್ಕೆತ್ತಿ ಎಳೆಯುತ್ತದೆ. ಅದಕ್ಕೇ ಬಿಸಿಲಿರುವ, ಗಾಳಿ ಇಲ್ಲದ ದಿನ ನೋಡಿ ಹೊದಿಸಿ. ಆಗ ಹಾಳೆ ಮೆತ್ತಗಾಗಿ ಹಿಗ್ಗಿರುತ್ತದೆ, ತಣ್ಣಗಾದಾಗ ತಾನೇ ಬಿಗಿಯುತ್ತದೆ. ಬದಿ ಸುತ್ತಿ ಎತ್ತುವಂತಿದ್ದರೆ ಮೇಲಿನ ಹಾಳೆಯನ್ನು ಬದಿಯ ಅಡ್ಡಪಟ್ಟಿಗೆ ಕ್ಲಿಪ್ ಹಾಕಿ ಬಿಗಿಯಿರಿ. ಬದಿ ತೆರೆಯದ ಕಡೆಗಳಲ್ಲಿ ಒಂದು ಅಡಿ ಆಳದ ಚರಂಡಿ ತೋಡಿ ಹಾಳೆಯ ಅಂಚನ್ನು ಮಣ್ಣಿನಲ್ಲಿ ಹೂತು ತುಳಿಯಿರಿ. ಕಮಾನಿನ ಕಾಲುಗಳು ಎರಡು ಅಡಿಯಾದರೂ ನೆಲದೊಳಗೆ ಇಳಿದಿರಲಿ. ಜೋರು ಗಾಳಿ ಬರುವ ಸೂಚನೆ ಇದ್ದರೆ ಗಾಳಿ ಬರುವ ಬದಿಯ ಬಾಗಿಲು ಮುಚ್ಚಿ.

ಪ್ರಶ್ನೆ: ಟನಲ್ ಒಳಗೆ ಟೊಮೆಟೊ ಆಳೆತ್ತರ ಬೆಳೆದಿದೆ, ಹೂವು ಗೊಂಚಲು ಗೊಂಚಲು. ಆದರೆ ಕಾಯಿ ಕಚ್ಚದೆ ಉದುರುತ್ತಿದೆ. ಗೊಬ್ಬರ ಕಡಿಮೆಯಾಯಿತಾ?

ಉತ್ತರ: ಗೊಬ್ಬರ ಹಾಕಬೇಡಿ, ದಯವಿಟ್ಟು. ಗಿಡ ಆಳೆತ್ತರ ಬೆಳೆದಿದೆ ಅಂದರೆ ಸಾರಜನಕಕ್ಕೆ ಕೊರತೆ ಇಲ್ಲ, ಇನ್ನೂ ಕೊಟ್ಟರೆ ಸೊಪ್ಪು ಮಾತ್ರ ಬೆಳೆಯುತ್ತದೆ. ಮೊದಲು ಒಂದು ಥರ್ಮಾಮೀಟರ್ ತಂದು ಹೂವಿನ ಮಟ್ಟದಲ್ಲಿ, ನೆರಳಿನಲ್ಲಿ ತೂಗುಹಾಕಿ. ದಿನದ ಗರಿಷ್ಠ ಕನಿಷ್ಠ ಎರಡನ್ನೂ ತೋರಿಸುವಂಥದ್ದು ಸಿಕ್ಕರೆ ಬಹಳ ಒಳ್ಳೆಯದು. ಹಗಲು 35 ಡಿಗ್ರಿ ದಾಟುತ್ತಿದ್ದರೆ ಟೊಮೆಟೊ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹೂವು ಅರಳಿದರೂ ಉಪಯೋಗವಿಲ್ಲ. ದೊಣ್ಣೆ ಮೆಣಸಿನಕಾಯಿ ಇನ್ನೂ ಸೂಕ್ಷ್ಮ. ಮುಚ್ಚಿದ ಟನಲ್ ಒಳಗೆ ಹೊರಗಿಗಿಂತ ಹತ್ತು ಡಿಗ್ರಿ ಜಾಸ್ತಿ ಆಗುವುದು ಏನೂ ದೊಡ್ಡ ವಿಷಯವಲ್ಲ.

ಬೆಳಗ್ಗೆ ಬಿಸಿಲು ಏರುವ ಮುಂಚೆಯೇ ಬದಿಗಳನ್ನು ಎತ್ತಿಬಿಡಿ. ಒಳಗೆ ಕಾದ ಮೇಲೆ ಎತ್ತಿದರೆ ಆ ದಿನದ ಹೂವಿಗೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಅಷ್ಟಕ್ಕೂ ಇಳಿಯದಿದ್ದರೆ ಶೇಡ್ ನೆಟ್ (ನೆರಳು ಪರದೆ) ಹಾಕಿ, 35 ಶೇಕಡಾ ಬಿಸಿಲು ತಡೆಯುವಂಥದ್ದು ಸಾಕು, ತೀರಾ ಉರಿಬಿಸಿಲಾದರೆ 50. ಆದರೆ ಅದನ್ನು ಟನಲ್ ಹೊರಗೆ, ಹಾಳೆಯಿಂದ ಒಂದು ಅಡಿ ಮೇಲೆ ಕಟ್ಟಬೇಕು. ಒಳಗೆ ಕಟ್ಟಿದರೆ ಬಿಸಿಲು ಆಗಲೇ ಒಳಗೆ ಬಂದಾಗಿರುತ್ತದೆ, ನೆಟ್ ಕಾದು ಆ ಶಾಖವೂ ಗಿಡಕ್ಕೇ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಜೇನು ಬರಲೇಬೇಕು ಅಂತಿಲ್ಲ, ಆದರೆ ಹೂವು ಅಲುಗಾಡಲೇಬೇಕು. ಬಯಲಿನಲ್ಲಿ ಆ ಕೆಲಸ ಗಾಳಿ ಮಾಡುತ್ತದೆ. ಟನಲ್ ಒಳಗೆ ನೀವು ಮಾಡಬೇಕು. ತೇವ ಆರಿದ ಮೇಲೆ, ಬೆಳಗ್ಗೆ ಹತ್ತರ ಹೊತ್ತಿಗೆ, ಗಿಡ ಕಟ್ಟಿದ ದಾರವನ್ನು ಬೆರಳಿಂದ ಮೆಲ್ಲಗೆ ಮಿಡಿಯಿರಿ. ಎರಡು ದಿನಕ್ಕೊಮ್ಮೆ ಮಾಡಿದರೂ ಸಾಕು.

ಪ್ರಶ್ನೆ: ಸೌತೆ, ಹೀರೆ ಎರಡೂ ಹೀಚು ಬಿಟ್ಟು ಹಳದಿಯಾಗಿ ಉದುರುತ್ತಿವೆ. ಹುಳ ಬರಬಾರದು ಅಂತ ಸುತ್ತ ಬಲೆ ಹಾಕಿದ್ದೇವೆ.

ಉತ್ತರ: ಬಲೆ ಹುಳುವಿನ ಜೊತೆ ಜೇನನ್ನೂ ತಡೆದಿದೆ. ಸೌತೆಯಲ್ಲಿ ಪರಾಗಸ್ಪರ್ಶವಿಲ್ಲದೆ ಕಾಯಿ ಕಚ್ಚುವ ತಳಿಗಳಿವೆ, ಮುಂದಿನ ಸಲ ಬೀಜ ಕೊಳ್ಳುವಾಗ ಪಾಲಿಹೌಸ್ ತಳಿ ಅಂತ ಕೇಳಿ ತನ್ನಿ. ಈಗಿರುವ ಬಳ್ಳಿಗೆ ಕೈಯಲ್ಲೇ ಮಾಡಿ. ಹಿಂದೆ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು, ಬರೀ ತೊಟ್ಟು ಇರುವುದು ಗಂಡು. ಗಂಡು ಹೂವು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಸವರಿ. ಸೌತೆಗೆ ಬೆಳಗ್ಗೆ ಮಾಡಿ, ಹೀರೆಗೆ ಸಂಜೆ, ಯಾಕೆಂದರೆ ಹೀರೆ ಹೂವು ಅರಳುವುದೇ ಸಂಜೆ. ಸೋರೆ ಬೆಳೆಯುವವರಿಗೂ ಇದೇ ಮಾತು. ಬಲೆಯ ಒಂದು ಬದಿಯನ್ನು ಹೂವಿನ ಹೊತ್ತಿಗೆ ತೆರೆದಿಟ್ಟರೂ ಆಗುತ್ತದೆ, ಆದರೆ ಆಗ ಬಿಳಿನೊಣವೂ ಬರುತ್ತದೆ.

ಪ್ರಶ್ನೆ: ಎಲೆ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ ಆಗಿದೆ. ಗಂಧಕ ಹೊಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ಅದು ಬೂದಿರೋಗ. ಗಂಧಕ ಕೆಲಸ ಮಾಡುತ್ತದೆ ನಿಜ, ಆದರೆ ಟನಲ್ ಒಳಗೆ ನಾನು ಬೇಡ ಅನ್ನುತ್ತೇನೆ. ಗಂಧಕ ಮತ್ತು ಕ್ಲೋರಿನ್ ಇರುವ ಔಷಧಿಗಳು ಹಾಳೆಯಲ್ಲಿರುವ ಯುವಿ ತಡೆಯುವ ಅಂಶವನ್ನೇ ತಿಂದುಹಾಕುತ್ತವೆ, ಹಾಳೆಯ ಆಯಸ್ಸು ಕಡಿಮೆಯಾಗುತ್ತದೆ. ಇದನ್ನು ಮಾರುವವರು ಹೇಳುವುದು ಅಪರೂಪ. ಜೊತೆಗೆ ಸೆಕೆಯಲ್ಲಿ ಗಂಧಕ ಹೊಡೆದರೆ ಸೌತೆ ಜಾತಿಯ ಎಲೆಗಳು ಸುಡುತ್ತವೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬೆಳಗ್ಗೆ ಎಲೆಯ ಎರಡೂ ಕಡೆ ಸಿಂಪಡಿಸಿ. ರೋಗ ಈಗ ತಾನೇ ಶುರುವಾಗಿದ್ದರೆ ಹಿಡಿತಕ್ಕೆ ಬರುತ್ತದೆ. ತೀರಾ ಹಬ್ಬಿದ ಎಲೆ ಕಿತ್ತು ದೂರ ಹಾಕಿ. ಕೆಳಗಿನ ಹಳೆಯ ಎಲೆಗಳನ್ನು ತೆಗೆದು ಬುಡದಲ್ಲಿ ಗಾಳಿ ಆಡಲು ಬಿಡಿ.

ಪ್ರಶ್ನೆ: ರಾತ್ರಿ ಚಳಿಯಿಂದ ಟನಲ್ ಕಾಪಾಡುತ್ತದಾ?

ಉತ್ತರ: ಅಂದುಕೊಂಡಷ್ಟು ಇಲ್ಲ. ಮಾಮೂಲಿ ಪಾಲಿಥಿನ್ ಹಗಲಿನ ಶಾಖವನ್ನು ರಾತ್ರಿ ಸುಲಭವಾಗಿ ಹೊರಗೆ ಬಿಡುತ್ತದೆ, ಒಂದೆರಡು ಡಿಗ್ರಿ ವ್ಯತ್ಯಾಸ ಸಿಕ್ಕರೆ ಹೆಚ್ಚು. ಹಿಮ ಬೀಳುವ ಕಡೆ ಸಸಿಗಳ ಮೇಲೆ ಒಳಗೇ ಇನ್ನೊಂದು ತೆಳು ಬಟ್ಟೆ ಹೊದಿಸಿ.

ಪ್ರಶ್ನೆ: ಮೊದಲೆರಡು ವರ್ಷ ಬೆಳೆ ಭರ್ಜರಿ. ಈಗ ಗಿಡ ಮೇಲೇಳುತ್ತಿಲ್ಲ, ಮಣ್ಣಿನ ಮೇಲೆ ಬಿಳಿ ಪೊರೆ ಕಾಣುತ್ತಿದೆ.

ಉತ್ತರ: ಆ ಬಿಳಿ ಪೊರೆ ಉಪ್ಪು. ಬಯಲಿನಲ್ಲಿ ಮಳೆ ಅದನ್ನು ತೊಳೆದು ಕೆಳಗಿಳಿಸುತ್ತದೆ, ಟನಲ್ ಒಳಗೆ ಮಳೆ ಬೀಳುವುದಿಲ್ಲ. ನೀವು ಹಾಕಿದ ಗೊಬ್ಬರದಲ್ಲಿ, ನೀರಿನಲ್ಲಿ ಉಳಿದ ಲವಣವೆಲ್ಲ ಮೇಲಕ್ಕೆ ಬಂದು ಕೂರುತ್ತದೆ. ಬೆಳೆ ಇಲ್ಲದಾಗ ಎರಡು ಮೂರು ಸಲ ಮಡಿ ತುಂಬ ನೀರು ಕೊಟ್ಟು ಕೆಳಗೆ ಬಸಿಯಲು ಬಿಡಿ. ಹಾಳೆ ಬದಲಿಸುವ ವರ್ಷ ಬಂದಾಗ ಹಳೆಯದನ್ನು ಮಳೆಗಾಲಕ್ಕೆ ಮುಂಚೆ ತೆಗೆದು, ಹೊಸದನ್ನು ಮಳೆ ಮುಗಿದ ಮೇಲೆ ಹಾಕಿ, ಮಣ್ಣು ತಾನೇ ತೊಳೆದುಕೊಳ್ಳುತ್ತದೆ.

ಒಂದು ಗಿಡ ಕಿತ್ತು ಬೇರನ್ನೂ ನೋಡಿ. ಗಂಟು ಗಂಟಾಗಿ ಊದಿಕೊಂಡಿದ್ದರೆ ಅದು ಬೇರುಗಂಟು ಹುಳು, ಕಣ್ಣಿಗೆ ಕಾಣದಷ್ಟು ಸಣ್ಣದು. ವರ್ಷ ವರ್ಷ ಅದೇ ಮಡಿಯಲ್ಲಿ ಟೊಮೆಟೊ, ಬದನೆ, ಸೌತೆ ಹಾಕಿದರೆ ಇದು ಬಂದೇ ಬರುತ್ತದೆ. ಹುರುಳಿಕಾಯಿ, ಅಲಸಂದೆ ಬೇರಿನಲ್ಲಿರುವ ಗಂಟು ನೋಡಿ ಹೆದರಬೇಡಿ, ಉಗುರಿನಿಂದ ಕೆರೆದರೆ ಉದುರುವ ಗಂಟು ಒಳ್ಳೆಯದು, ಬೇರು ತಾನೇ ಊದಿಕೊಂಡಿದ್ದರೆ ಮಾತ್ರ ಕೆಟ್ಟದ್ದು. ಬೇಸಿಗೆಯ ಕಡು ಬಿಸಿಲಿನಲ್ಲಿ ಮಡಿ ಅಗೆದು, ಚೆನ್ನಾಗಿ ನೀರುಣಿಸಿ, ತೆಳುವಾದ ತಿಳಿ ಪ್ಲಾಸ್ಟಿಕ್ಕನ್ನು ಮಣ್ಣಿಗೆ ಅಂಟುವಂತೆ ಹಾಸಿ ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಆಗ ಟನಲ್ ಬದಿಗಳನ್ನೂ ಮುಚ್ಚಿಡಿ, ಈ ಕೆಲಸಕ್ಕೆ ಮಾತ್ರ ಸೆಕೆ ಬೇಕು. ಕಪ್ಪು ಪ್ಲಾಸ್ಟಿಕ್ ಹಾಕಬೇಡಿ, ಅದರ ಕೆಳಗೆ ಮಣ್ಣು ಅಷ್ಟು ಕಾಯುವುದಿಲ್ಲ. ಆಮೇಲೆ ಬೇವಿನ ಹಿಂಡಿ, ಕೊಳೆತ ಕೊಟ್ಟಿಗೆ ಗೊಬ್ಬರ ಸೇರಿಸಿ, ಒಂದು ಬೆಳೆ ಚೆಂಡು ಹೂವು ಹಾಕಿ. ಹೂವು ಮುಗಿದ ಮೇಲೆ ಗಿಡವನ್ನು ಅಲ್ಲೇ ಕತ್ತರಿಸಿ ಮಣ್ಣಿಗೆ ಸೇರಿಸಿ, ಟೊಮೆಟೊವನ್ನು ಆ ಮಡಿಗೆ ಎರಡು ವರ್ಷ ತರಬೇಡಿ.